ಎರಡನೇ ಶನಿವಾರದ ಗುಂಪು: ಮೂರು ವರ್ಷ ಹೋಗಿ ಬಂದವನ ಅನಿಸಿಕೆ

ಮೈಸೂರಿನ ಸರಸ್ವತಿಪುರಂನಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ವಯಸ್ಸು 54. 2021ರ ಕೊನೆಯಲ್ಲಿ ಎಡಗೆನ್ನೆಯ ಒಳಗಿನ ಹುಣ್ಣು ಕ್ಯಾನ್ಸರ್ ಅಂತ ಗೊತ್ತಾಯಿತು. ಆಪರೇಷನ್ ಆಯಿತು. ಆಮೇಲೆ ಆರು ವಾರದಲ್ಲಿ 30 ಸಲ ರೇಡಿಯೇಷನ್. ನಮ್ಮ ಕಡೆ ಅದಕ್ಕೆ 'ಕರೆಂಟ್ ಕೊಡೋದು' ಅಂತಾರೆ. ಅದೆಲ್ಲ ಮುಗಿದು ಆರು ತಿಂಗಳಾದ ಮೇಲೆ, ಕ್ಯಾನ್ಸರ್ ಆದವರು ಸೇರಿ ಮಾತಾಡುವ ಈ ಗುಂಪಿಗೆ ಹೋಗಲು ಶುರು ಮಾಡಿದೆ. ಮೂರು ವರ್ಷ ದಾಟಿತು. ಇಂಥ ಕಡೆ ಹೋಗಬೇಕೋ ಬೇಡವೋ ಅಂತ ಯೋಚಿಸುತ್ತಾ ಕೂತವರಿಗಾಗಿ ಬರೆಯುತ್ತಿದ್ದೇನೆ.

ಗುಂಪಿಗೆ ಬೋರ್ಡ್ ಇಲ್ಲ, ರಸೀದಿ ಪುಸ್ತಕವೂ ಇಲ್ಲ. ಕುವೆಂಪುನಗರದಲ್ಲಿ ಒಬ್ಬರ ಮನೆಯ ಮಹಡಿ ಮೇಲಿನ ಹಾಲ್. ತಿಂಗಳ ಎರಡನೇ ಶನಿವಾರ ಸಂಜೆ ನಾಲ್ಕಕ್ಕೆ ಸೇರುತ್ತಾರೆ. ದುಡ್ಡು ಕೇಳುವುದಿಲ್ಲ. ಕಾಫಿಗೆ ಅಂತ ಒಂದು ಡಬ್ಬ ಇದೆ. ಹತ್ತೋ ಇಪ್ಪತ್ತೋ ಹಾಕಬಹುದು, ಹಾಕದಿದ್ದರೂ ಯಾರೂ ನೋಡುವುದಿಲ್ಲ. ಒಂದು ಹದಿನೈದು ಜನ ಬರುತ್ತಾರೆ, ಮಂಡ್ಯ, ಶ್ರೀರಂಗಪಟ್ಟಣದಿಂದ ರೈಲು ಹತ್ತಿ ಬರುವವರೂ ಇದ್ದಾರೆ. ನಡೆಸುವವರು ಒಬ್ಬ ನಿವೃತ್ತ ಟೀಚರ್. ಅವರಿಗೆ ಸ್ತನ ಕ್ಯಾನ್ಸರ್ ಆಗಿ ಒಂಬತ್ತು ವರ್ಷ. ತಿಂಗಳು ಬಿಟ್ಟು ತಿಂಗಳು ಒಬ್ಬ ಆಪ್ತ ಸಮಾಲೋಚಕಿ ಬರುತ್ತಾರೆ.

ನಾನಾಗಿ ಹೋದವನಲ್ಲ, ಹೆಂಡತಿ ಎಳೆದುಕೊಂಡು ಹೋದಳು. ಆಗ ನನ್ನ ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಎಂಜಲು ಬತ್ತಿಹೋಗಿತ್ತು, ತುತ್ತಿಗೊಂದು ಗುಟುಕು ನೀರು ಬೇಕಿತ್ತು. ಜನರೆದುರು ಉಣ್ಣುವುದನ್ನೇ ಬಿಟ್ಟಿದ್ದೆ. ಮದುವೆಗೆ ಹೋದರೆ ಮುಯ್ಯಿ ಕೊಟ್ಟು, ಫೋಟೋಗೂ ನಿಲ್ಲದೆ ವಾಪಸ್. ಊಟಕ್ಕೇಳಿ ಅಂತ ಯಾರಾದರೂ ಕೈ ಹಿಡಿದರೆ ಎದೆ ಹೊಡೆದುಕೊಳ್ಳುತ್ತಿತ್ತು.

ಅದಕ್ಕಿಂತ ಜಾಸ್ತಿ ಕಾಡಿದ್ದು ಇನ್ನೊಂದು. ಬಾಯಿ ಕ್ಯಾನ್ಸರ್ ಅಂದ ತಕ್ಷಣ ಎದುರಿಗಿದ್ದವರು ಕೇಳುವುದು ಒಂದೇ ಪ್ರಶ್ನೆ: "ಹಾಕ್ಕೋತಿದ್ರಾ?" ಹೌದು, ಹಾಕಿಕೊಳ್ಳುತ್ತಿದ್ದೆ. 22 ವರ್ಷ. 2013ರಲ್ಲಿ ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧ ಆಯಿತಲ್ಲ, ಆಮೇಲೆ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಬಂತು. ಎರಡನ್ನೂ ಅಂಗೈಯಲ್ಲಿ ಬೆರೆಸಿ ಹಾಕಿಕೊಂಡವನು ನಾನೇ. ಅದು ನನಗೆ ಗೊತ್ತಿಲ್ಲವೇ? ಪ್ರತಿ ಸಲ ಹೌದು ಅನ್ನುವಾಗ ತಪ್ಪೊಪ್ಪಿಗೆ ಕೊಟ್ಟ ಹಾಗಾಗುತ್ತಿತ್ತು. (ತಂಬಾಕು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಅದನ್ನು ಓದಿದ ದಿನ ಊಟ ಆದಮೇಲೆ ಎಲೆಅಡಿಕೆ ಮಡಿಸುತ್ತಿದ್ದ ನನ್ನವ್ವ ನೆನಪಾದಳು.)

ಈ ಗುಂಪಿನಲ್ಲಿ ಆ ಪ್ರಶ್ನೆ ಬರಲಿಲ್ಲ. ಮೊದಲ ದಿನ ಪಕ್ಕದಲ್ಲಿ ಕೂತಿದ್ದ ಮದ್ದೂರು ಕಡೆಯ ಟೆಂಪೋ ಡ್ರೈವರ್ ನನ್ನ ದವಡೆ ನೋಡಿ, "ಅಣ್ಣ, ಎಷ್ಟು ಕಡ್ಡಿ ಹೋಗುತ್ತೆ?" ಅಂದರು. ನನಗೆ ಅರ್ಥವಾಗಲಿಲ್ಲ. ಅವರು ಶರ್ಟ್ ಜೇಬಿನಿಂದ ಒಂದು ಕಟ್ಟು ಐಸ್‌ಕ್ರೀಮ್ ಕಡ್ಡಿ ತೆಗೆದರು, ರಬ್ಬರ್ ಬ್ಯಾಂಡ್ ಹಾಕಿದ್ದು. ಅವರಿಗೂ ಕೆನ್ನೆಯದೇ. ಕಡ್ಡಿಗಳನ್ನು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ತೂರಿಸಿ, ಸ್ವಲ್ಪ ಹೊತ್ತು ಹಿಡಿಯಬೇಕು. ಸಡಿಲವಾದಾಗ ಇನ್ನೊಂದು ಸೇರಿಸಬೇಕು. ಆಸ್ಪತ್ರೆಯಲ್ಲಿ ಫಿಸಿಯೋದವರೂ ಇದನ್ನೇ ಹೇಳಿಕೊಟ್ಟಿದ್ದರು. ನೋವಿಗೆ ಬೇಸತ್ತು ಬಿಟ್ಟಿದ್ದೆ. ಮನೆಗೆ ಬಂದು ಎಣಿಸಿದೆ, 11 ಕಡ್ಡಿ. ಈಗ 17. ಹಳೆಯ ಬಾಯಿ ಅಲ್ಲ, ಆದರೆ ಇಡ್ಲಿ ಮುರಿದು ಹಾಕಿಕೊಳ್ಳಬಹುದು. ನೀವೂ ಮಾಡುವುದಾದರೆ ನಿಮ್ಮ ಡಾಕ್ಟರನ್ನು ಕೇಳಿಯೇ ಮಾಡಿ, ಸುಮ್ನೆ ಬಲವಂತ ಮಾಡಬೇಡಿ.

ಇಲ್ಲಿ ನಡೆಯುವುದೆಲ್ಲ ಹೆಚ್ಚುಕಡಿಮೆ ಇಷ್ಟೇ. ಮಾತು. ಕೇಳದೆ ಸಲಹೆ ಕೊಡಬಾರದು, ಇಲ್ಲಿ ಆಡಿದ್ದು ಹೊರಗೆ ಹೋಗಬಾರದು ಅಂತ ಎರಡು ಕಟ್ಟುಪಾಡು. ಚೆಕಪ್ ಹತ್ತಿರ ಬಂದಾಗ ಹದಿನೈದು ದಿನ ನಿದ್ದೆ ಬರುವುದಿಲ್ಲ ಅಂತ ಒಬ್ಬರು ಅಂದರೆ, ಇಡೀ ಹಾಲ್ ತಲೆಯಾಡಿಸುತ್ತದೆ. ಮನೆಯಲ್ಲಿ ಹಾಗಂದರೆ "ಏನೂ ಆಗಲ್ಲ ಬಿಡಿ" ಅಂತಾರೆ. ಅಲ್ಲಿಗೆ ಮಾತು ಮುಗಿಯಿತು, ಅಲ್ವಾ? ಸಣ್ಣಪುಟ್ಟ ಉಪಯೋಗದ ವಿಷಯಗಳೂ ಸಿಗುತ್ತವೆ. ಚಿಕಿತ್ಸೆಗೆ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ಟಿಕೆಟ್‌ನಲ್ಲಿ ರಿಯಾಯಿತಿ ಇದೆ, ಅದಕ್ಕೆ ಆಸ್ಪತ್ರೆಯಲ್ಲಿ ಫಾರಂ ತುಂಬಿಸಿಕೊಳ್ಳಬೇಕು ಅಂತ ಗೊತ್ತಾಗಿದ್ದು ಇಲ್ಲೇ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಓಡಾಡುವವರಿಗೆ ಅದು ಸಣ್ಣ ಮೊತ್ತವಲ್ಲ.

ಗುಂಪಿಗೆ ಸೇರಿದರೆ ಆಯಸ್ಸು ಹೆಚ್ಚುತ್ತದಾ ಅಂತ ಒಮ್ಮೆ ಯಾರೋ ಕೇಳಿದರು. ಟೀಚರ್ ಓದಿಕೊಂಡು ಬಂದು ಹೇಳಿದ್ದು ನನಗೆ ಹಿಡಿಸಿತು. 1989ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಡೇವಿಡ್ ಸ್ಪೀಗೆಲ್ ಎಂಬ ಡಾಕ್ಟರ್, ಸ್ತನ ಕ್ಯಾನ್ಸರ್ ಬೇರೆಡೆಗೆ ಹರಡಿದ್ದ 86 ಹೆಂಗಸರ ಅಧ್ಯಯನ ಪ್ರಕಟಿಸಿದರು. ಗುಂಪಿನಲ್ಲಿದ್ದವರು ಜಾಸ್ತಿ ದಿನ ಬದುಕಿದ್ದರು. ಎಲ್ಲರೂ ಕುಣಿದಾಡಿದರು. 2001ರಲ್ಲಿ ಕೆನಡಾದಲ್ಲಿ 235 ಜನರ ಮೇಲೆ ಮತ್ತೆ ನೋಡಿದಾಗ ಆಯಸ್ಸಿನಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಮನಸ್ಸಿನ ಸಂಕಟ ಮತ್ತು ನೋವು ಮಾತ್ರ, ಅದು ಜಾಸ್ತಿ ಇದ್ದವರಲ್ಲಿ, ಕಡಿಮೆಯಾಗಿತ್ತು. "ನಾನು ಕಾಫಿ ಕೊಡಬಲ್ಲೆ, ಆಯಸ್ಸಲ್ಲ" ಅಂದರು ಟೀಚರ್.

ಇನ್ನು ತಕರಾರು. ವಾಟ್ಸಾಪ್ ಗುಂಪು ದಂಡ. ಕಷಾಯ, ಲಕ್ಷ್ಮಣಫಲ, ಗೋಮೂತ್ರ ಅಂತ ದಿನಾ ಫಾರ್ವರ್ಡ್. ನಾನು ಮ್ಯೂಟ್ ಮಾಡಿದ್ದೇನೆ. ಗಂಡಸರು ಮೂರೋ ನಾಲ್ಕೋ ಮಂದಿ, ಅವರೂ ಬಾಯಿ ಬಿಡುವುದು ಕಮ್ಮಿ. ಹೊರಗಿನಿಂದ ಬರುವ ಅತಿಥಿಗಳು "ಪಾಸಿಟಿವ್ ಆಗಿರಿ" ಅಂತ ಅರ್ಧ ಗಂಟೆ ಕೊರೆಯುತ್ತಾರೆ. ರಾತ್ರಿ ಎರಡಕ್ಕೆ ಮನಸ್ಸು ಕುಸಿದರೆ ಈ ಗುಂಪು ಸಿಗುವುದಿಲ್ಲ. ಅದಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ಫೋನ್ 14416. ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ದೊಡ್ಡ ತಕರಾರು ಬೇರೆ. ಕಳೆದ ವರ್ಷ ಜೂನ್‌ನಲ್ಲಿ ಆ ಟೆಂಪೋ ಡ್ರೈವರ್ ತೀರಿಕೊಂಡರು. ಮತ್ತೆ ಕುತ್ತಿಗೆಯಲ್ಲಿ ಗಂಟು ಬಂದಿತ್ತು. ವಾಟ್ಸಾಪ್‌ನಲ್ಲಿ ಹನ್ನೆರಡು ಜನ ಕೈಮುಗಿದ ಚಿತ್ರ ಹಾಕಿದರು. ಮುಂದಿನ ಸಭೆಯಲ್ಲಿ ಆಹಾರದ ಬಗ್ಗೆ ಭಾಷಣ ಮೊದಲೇ ನಿಗದಿಯಾಗಿತ್ತು, ಹಾಗೇ ನಡೆಯಿತು. ಅವರ ಹೆಸರನ್ನು ಯಾರೂ ಎತ್ತಲಿಲ್ಲ. ನನಗೆ ಮೈ ಉರಿದು ಎರಡು ತಿಂಗಳು ಹೋಗಲಿಲ್ಲ. ಆಮೇಲೆ ಟೀಚರ್ ಅಂಗಡಿಗೇ ಬಂದರು, ಏನೋ ಝೆರಾಕ್ಸ್ ನೆಪ. ಬೈದೆ. "ಹೊಸಬರು ಹೆದರುತ್ತಾರೆ ಅಂತ ಸುಮ್ಮನಿದ್ದೆ" ಅಂದರು. ಹೊಸಬರಿಗೂ ಗೊತ್ತೇ ಇರುತ್ತದಲ್ಲ ಟೀಚರ್ರೇ ಅಂದೆ. ಈಗ ಯಾರಾದರೂ ತೀರಿಕೊಂಡರೆ ಸಭೆಯ ಮೊದಲ ಹತ್ತು ನಿಮಿಷ ಅವರ ಮಾತೇ.

ಐದರಲ್ಲಿ ನಾಲ್ಕು ಕೊಡುತ್ತೇನೆ. ಹೆಂಡತಿ ಎರಡೂವರೆ ಅನ್ನುತ್ತಾಳೆ. ನೋಡಿಕೊಳ್ಳುವವರಿಗೆ ಅಲ್ಲಿ ಪ್ರತ್ಯೇಕವಾಗಿ ಏನೂ ಇಲ್ಲ. ಮೊದಲ ಎರಡು ವರ್ಷ ಅವಳು ಕೆಳಗೆ ಮೆಟ್ಟಿಲ ಮೇಲೆ ಬ್ಯಾಗ್ ಹಿಡಿದು ಕೂತಿದ್ದಳು. ಈಗ ಅಲ್ಲೇ ಇನ್ನೂ ನಾಲ್ಕು ಹೆಂಗಸರು ಸೇರಿಕೊಂಡಿದ್ದಾರೆ. ನಮ್ಮ ಸಭೆ ಮುಗಿದರೂ ಅವರದು ಮುಗಿದಿರುವುದಿಲ್ಲ, ನಾನೇ ಬ್ಯಾಗ್ ಹಿಡಿದು ಕಾಯಬೇಕು.