ಹಾಜರಿ ಪುಸ್ತಕ ತನ್ನಿ ಅಂದ ವಕೀಲರು: ಮಿಲ್ ನಡೆಸುವವಳ ಒಂದು ರಿವ್ಯೂ

ನಾಲ್ಕು ಸ್ಟಾರ್. ಹೆಸರು ಬರೆಯುವುದಿಲ್ಲ, ಹೊಗಳಿಕೆಯ ಜೊತೆ ಒಂದೆರಡು ದೂರೂ ಇದೆ. ಕಲಬುರಗಿಯಲ್ಲೇ ಇರುವ, ಲೇಬರ್ ಕೇಸು ನೋಡುವ ಹಿರಿಯ ವಕೀಲರು ಅಂತಷ್ಟೇ ಇಟ್ಟುಕೊಳ್ಳಿ.

ನಮ್ಮದು ತೊಗರಿ ಬೇಳೆ ಮಿಲ್. ಮಾವ ತೀರಿಕೊಂಡ ಮೇಲೆ ನಾನೇ ನೋಡಿಕೊಳ್ಳುತ್ತೇನೆ. ಕೆಲಸದವರು 17 ಜನ ಇದ್ದರು. 2024ರಲ್ಲಿ ಸಾಲ ಮಾಡಿ ಕಲರ್ ಸಾರ್ಟರ್ ತಂದೆವು. ಬೇಳೆ ಬೀಳುವಾಗ ಕ್ಯಾಮೆರಾ ನೋಡುತ್ತದೆ, ಕಪ್ಪು ಕಾಳೋ ಹರಳೋ ಕಂಡರೆ ಗಾಳಿ ಊದಿ ಆಚೆ ಹಾರಿಸುತ್ತದೆ. ಅಲ್ಲಿಯವರೆಗೆ ಆ ಕೆಲಸವನ್ನು ಐದು ಜನ ಹೆಂಗಸರು ಮೊರ ಹಿಡಿದು ಮಾಡುತ್ತಿದ್ದರು. ಮಷಿನ್ ಬಂತು, ಐವರನ್ನೂ ತೆಗೆದೆ. ತಲಾ 20,000 ರೂಪಾಯಿ, ಒಂದೊಂದು ಸೀರೆ ಕೊಟ್ಟು ಕಳಿಸಿದೆ. ದೊಡ್ಡ ಮನಸ್ಸು ಮಾಡಿದೆ ಅಂತಲೇ ಅಂದುಕೊಂಡಿದ್ದೆ.

ಮೂರು ವಾರಕ್ಕೆ ಕಾರ್ಮಿಕ ಇಲಾಖೆಯಿಂದ ನೋಟಿಸ್ ಬಂತು. ಹೆಂಗಸರು ಅಂತ ನಮ್ಮನ್ನಷ್ಟೇ ತೆಗೆದಿದ್ದಾರೆ, ನಮಗಿಂತ ಆಮೇಲೆ ಸೇರಿದ ಗಂಡಸರನ್ನು ಇಟ್ಟುಕೊಂಡಿದ್ದಾರೆ ಅಂತ ಐವರೂ ಸೇರಿ ಅರ್ಜಿ ಕೊಟ್ಟಿದ್ದರು. ನಾನೂ ಹೆಂಗಸೇ ಅಲ್ವಾ? ಸಿಟ್ಟಿಗೆ ರಾತ್ರಿ ಊಟ ಸೇರಲಿಲ್ಲ.

ಮೊದಲು ಪಿಎಫ್ ಲೆಕ್ಕ ನೋಡುವ ಒಬ್ಬರ ಹತ್ತಿರ ಹೋಗಿದ್ದೆ. "ಹಿಂದಿನ ತಾರೀಖು ಹಾಕಿ ನೋಟಿಸ್ ಮಾಡಿಕೊಡ್ತೀನ್ರಿ, ಬ್ಯಾಳಿ ಕದ್ದಿದ್ರು ಅಂತನೂ ಒಂದ್ ಸಾಲು ಸೇರಿಸ್ರಿ, ತಾವೇ ಸುಮ್ಮನಾಗ್ತಾರ" ಅಂದರು. ಒಂಬತ್ತು ವರ್ಷ ದುಡಿದವರ ಮೇಲೆ ಕಳ್ಳತನ ಹೊರಿಸುವುದಾ? ಎದ್ದು ಬಂದೆ.

ಈ ವಕೀಲರು ನನ್ನ ಕಥೆ ಪೂರ್ತಿ ಕೇಳಲೇ ಇಲ್ಲ. "ಹಾಜರಿ ಪುಸ್ತಕ ತಂದೀರೇನ್ರಿ ಮೇಡಂ?" ತಂದಿರಲಿಲ್ಲ. "ಹಂಗಾರ ನಾಳೆ ಬರ್ರಿ." ಮರುದಿನ ಹಾಜರಿ ಪುಸ್ತಕ, ಪಗಾರದ ಪುಸ್ತಕ ಎರಡೂ ಹೊತ್ತುಕೊಂಡು ಹೋದೆ. ಹಳೇ ಕ್ಯಾಲೆಂಡರಿನ ಹಾಳೆ ಹರಿದು ಹಿಂಬದಿಗೆ ಗೀಟು ಎಳೆದರು. ಹೆಸರು, ಸೇರಿದ ದಿನ, ಕೆಲಸ, ಕೂಲಿ. 17 ಸಾಲು ತುಂಬಿದ ಮೇಲೆ ಪೆನ್ನು ಒಂದು ಹೆಸರಿನ ಮೇಲೆ ನಿಂತಿತು.

"ಈ ಹುಡುಗ ಬಂದು ಎಂಟೇ ತಿಂಗಳಾಗ್ಯಾದ. ಇವನಿಗೆ ಯಾಕ ಇಟ್ಕೊಂಡ್ರಿ?"

"ಪ್ಯಾಕಿಂಗ್ ಸರ್. ಭಾರ ಎತ್ತಬೇಕಲ್ರೀ."

"ಎಷ್ಟು ಕೆಜಿ?"

ನಾನು ಬಾಯಿ ತೆರೆದು ಮುಚ್ಚಿದೆ. ಅವನು ತುಂಬುವುದು ಒಂದು ಕೆಜಿ ಪ್ಯಾಕೆಟ್. ಚೀಲ ಎತ್ತುವ ಹಮಾಲರೇ ಬೇರೆ. "ಹೆಂಗಸರಿಗೆ ಈ ಕೆಲಸ ಮಾಡ್ತೀರೇನಂತ ಒಂದ್ ಮಾತು ಕೇಳಿದ್ರೇನು?" ಕೇಳಿರಲಿಲ್ಲ. ಕೇಳಬೇಕು ಅಂತ ತಲೆಗೇ ಬಂದಿರಲಿಲ್ಲ.

ಇನ್ನೊಂದು ಸಂಗತಿ ನಾನೇ ಹೇಳಬೇಕಾಯಿತು. ಮ್ಯಾನೇಜರಿಗೆ ವಾಟ್ಸಾಪಿನಲ್ಲಿ "ಗಂಡಸರಿಗೆ ಸಂಸಾರ ಅದ, ಹೆಂಗಸರಿಗೆ ಹೆಂಗೂ ನಡೀತದ" ಅಂತ ವಾಯ್ಸ್ ಮೆಸೇಜ್ ಕಳಿಸಿದ್ದೆ. ಅಳಿಸಿಬಿಡಲಾ ಅಂತ ಕೇಳಿದೆ. "ಅಳಿಸಬ್ಯಾಡ್ರಿ" ಅಂತ ಜೋರಾಗಿಯೇ ಅಂದರು. ಆ ಹೆಂಗಸರಿಗೆ ಫೋನ್ ಮಾಡಬೇಡಿ, ನೆಂಟರ ಕೈಲಿ ಹೇಳಿ ಕಳಿಸಬೇಡಿ, ಅವರ ಮನೆಯವರು ಯಾರಾದರೂ ನಿಮ್ಮಲ್ಲಿ ದುಡಿಯುತ್ತಿದ್ದರೆ ಅವರ ಮೇಲೆ ಸಿಟ್ಟು ತೀರಿಸಬೇಡಿ ಅಂದರು. ಒಬ್ಬಾಕೆಯ ಮಗ ನಮ್ಮ ಟೆಂಪೋ ಓಡಿಸುತ್ತಾನೆ. ಆ ಮಾತು ಆ ಹೊತ್ತಿಗೆ ಬರದಿದ್ದರೆ ಅವನನ್ನೂ ಕಳಿಸುತ್ತಿದ್ದೆನೇನೋ.

ಲೆಕ್ಕವನ್ನು ನನ್ನ ಕೈಯಲ್ಲೇ ಮಾಡಿಸಿದರು. ಆಗ ಇದ್ದದ್ದು 1947ರ ಕೈಗಾರಿಕಾ ವಿವಾದ ಕಾಯ್ದೆ. ವರ್ಷ ತುಂಬಿದ ಕೆಲಸಗಾರರನ್ನು ಕೆಲಸ ಇಲ್ಲ ಅಂತ ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್ ಇಲ್ಲವೇ ಆ ತಿಂಗಳ ಪಗಾರ, ಜೊತೆಗೆ ಪ್ರತಿ ವರ್ಷದ ದುಡಿಮೆಗೆ 15 ದಿನದ ಕೂಲಿ. ಒಂದೇ ಬಗೆಯ ಕೆಲಸದಲ್ಲಿ ಕೊನೆಗೆ ಬಂದವರು ಮೊದಲು ಹೋಗಬೇಕು, ಬೇರೆ ಮಾಡಿದರೆ ಕಾರಣ ಬರೆದಿಡಬೇಕು. ದಿನಗೂಲಿ 500 ರೂಪಾಯಿ, ಒಂಬತ್ತು ವರ್ಷದ ದುಡಿಮೆ ಅಂದರೆ 67,500. ಒಂದು ತಿಂಗಳಿಗೆ 26 ದಿನ ಹಿಡಿದು 13,000. ಐದು ವರ್ಷ ದಾಟಿದ್ದರಿಂದ ಗ್ರ್ಯಾಚುಟಿ, ಅಂದರೆ ಕೆಲಸ ಬಿಡುವಾಗ ಕೊಡಬೇಕಾದ ಸೇವಾ ಹಣ, ಮತ್ತೆ 67,500. ಒಬ್ಬೊಬ್ಬರಿಗೆ ಒಟ್ಟು 1,48,000. ನಾನು ಕೊಟ್ಟದ್ದು 20,000 ಮತ್ತು ಸೀರೆ.

ಉತ್ತರ ಬರೆದದ್ದು ಒಂದೂವರೆ ಪುಟ. ಮಷಿನ್ ಬಿಲ್ಲಿನ ತಾರೀಖು, ಐವರೂ ಸೇರಿದ ದಿನ, ಬಾಕಿ ಹಣ, ಪ್ಯಾಕಿಂಗಿನಲ್ಲಿ ಜಾಗ ಕೊಡಲು ತಯಾರು ಅನ್ನುವ ಮಾತು. ಆಪಾದನೆಗೆ ಎದುರು ಆಪಾದನೆ ಒಂದೂ ಇಲ್ಲ. ಕಾರ್ಮಿಕ ಇಲಾಖೆಯಲ್ಲಿ ನಡೆಯುವ ಮಾತುಕತೆಯಲ್ಲಿ ಮುಗಿಯದಿದ್ದರೆ 45 ದಿನ ಆದ ಮೇಲೆ ಅವರು ನೇರವಾಗಿ ಲೇಬರ್ ಕೋರ್ಟಿಗೆ ಹೋಗಬಹುದಿತ್ತು. ಎರಡು ಸಭೆಯಲ್ಲಿ ರಾಜಿ ಆಯಿತು. ಮೂವರು ಹಣ ತಗೊಂಡರು, ಇಬ್ಬರು ವಾಪಸ್ ಬಂದರು. ಪ್ಯಾಕಿಂಗಿನ ಗಂಡಸರಿಗೆ 550 ಇದ್ದದ್ದು ಇವರಿಗೂ ಅಷ್ಟೇ. ಅದೇ ಕೆಲಸಕ್ಕೆ ಹೆಂಗಸರಿಗೆ ಕಡಿಮೆ ಕೊಡಬಾರದು ಅಂತ 1976ರಿಂದಲೇ ಕಾನೂನು ಇತ್ತಂತೆ.

ಇನ್ನು ಹೋದ ಆ ಒಂದು ಸ್ಟಾರ್. ವಾಪಸ್ ಬಂದವರಲ್ಲಿ ಒಬ್ಬಳು ಐದು ತಿಂಗಳ ಬಸುರಿ ಅನ್ನುವುದು ನನಗೂ ಗೊತ್ತಿರಲಿಲ್ಲ, ವಕೀಲರೂ ಕೇಳಿರಲಿಲ್ಲ. ಮೊದಲನೇ ಸಭೆಯಲ್ಲಿ ಅವಳೇ ಹೇಳಿದಾಗ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಹೆರಿಗೆ ರಜೆ 2017ರಿಂದ 26 ವಾರ. ನಮಗೆ ಇಎಸ್‌ಐ, ಅಂದರೆ ಕೆಲಸಗಾರರ ಸರ್ಕಾರಿ ವಿಮೆ, ಇದ್ದದ್ದಕ್ಕೆ ದುಡ್ಡು ಅಲ್ಲಿಂದ ಬಂತು. ಇಷ್ಟು ದೊಡ್ಡ ವಿಷಯವನ್ನು ಮೊದಲ ದಿನವೇ ಕೇಳಬೇಕಿತ್ತು. ಫೀಸು 15,000 ಅಂದವರು ಟೈಪಿಂಗ್, ಓಡಾಟ ಅಂತ ಇನ್ನೂ 6,000 ತಗೊಂಡರು, ಅದಕ್ಕೆ ರಸೀದಿ ಇಲ್ಲ. ನನಗೆ ಪುಸ್ತಕ ಸರಿಯಾಗಿಡಿ ಅಂದವರು! ಫೋನಂತೂ ಎತ್ತುವುದೇ ಇಲ್ಲ.

2025ರ ನವೆಂಬರ್ 21ರಿಂದ ಹೊಸ ಕೈಗಾರಿಕಾ ಸಂಬಂಧ ಸಂಹಿತೆ ಬಂದಿದೆ. ಒಂದು ತಿಂಗಳ ನೋಟಿಸ್, ವರ್ಷಕ್ಕೆ 15 ದಿನದ ಕೂಲಿ ಅದರಲ್ಲೂ ಇದೆ. ಬೇರೆ ಕೆಲಸ ಕಲಿಯಲು ಅಂತ ಇನ್ನೂ 15 ದಿನದ ಪಗಾರ ನಿಧಿಗೆ ಕಟ್ಟುವುದು ಹೊಸದು. ಹಳೇ ಲೆಕ್ಕ ನೋಡಿ ಮೋಸ ಹೋಗಬೇಡಿ.

ಹೋಗುವವರು ಸಂಜೆ ಆರರ ಮೇಲೆ ಹೋಗಿ, ಬೆಳಿಗ್ಗೆ ಕೋರ್ಟಿನಲ್ಲಿರುತ್ತಾರೆ. ಎರಡನೇ ಮಹಡಿ, ಲಿಫ್ಟ್ ಇಲ್ಲ. ಹಾಜರಿ ಪುಸ್ತಕ ಮರೆತರೆ ಮತ್ತೆ ಇಳಿದು ಹತ್ತಬೇಕು.