ಗೋಡೆಯೊಳಗಿನ ಕಾನ್ವೆಂಟೋ, ಊರೊಳಗಿನದೋ?

ಕಾಸರಗೋಡಿನ ಬೇಳ, ಮಂಜೇಶ್ವರದ ಕಡೆಯಿಂದ ಸಿಸ್ಟರ್ (ಕ್ರೈಸ್ತ ಸನ್ಯಾಸಿನಿ) ಆಗಹೊರಟ ಹುಡುಗಿ ಮೊದಲು ನೋಡುವುದು ಮಂಗಳೂರಿನತ್ತ. ಇಲ್ಲಿನ ಚರ್ಚುಗಳೂ ಮಂಗಳೂರು ಬಿಷಪ್ಪರ ಧರ್ಮಪ್ರಾಂತದವೇ. ಅಲ್ಲಿ ದಾರಿ ಎರಡು.

1921ರಲ್ಲಿ ಮಂಗಳೂರಿನಲ್ಲೇ ಹುಟ್ಟಿದ ಬೆಥನಿಯಂಥ ಸಿಸ್ಟರುಗಳ ಸಭೆಗಳದ್ದು ಸೇವೆಯ ಬದುಕು: ಶಾಲೆ, ಆಸ್ಪತ್ರೆ, ಹಳ್ಳಿ ಕೆಲಸ. ಟೀಚರಾದರೆ ಸಂಬಳ ಬರುತ್ತದೆ, ಆದರೆ ಅದು ಕಾನ್ವೆಂಟಿನ ಸಾಮೂಹಿಕ ನಿಧಿಗೆ. ವರ್ಗಾವಣೆ ಪತ್ರ ಬಂದರೆ ಪೆಟ್ಟಿಗೆ ಕಟ್ಟಬೇಕು.

ಕ್ಲೋಯಿಸ್ಟರ್ ಕಾರ್ಮೆಲ್, ಅಂದರೆ ಆವರಣದೊಳಗೇ ಇದ್ದು ಪ್ರಾರ್ಥಿಸುವ ಸಿಸ್ಟರುಗಳ ಮಠ, ಬೇರೆಯೇ ಲೋಕ. ಮಂಗಳೂರಿಗೆ ಅದು ಬಂದದ್ದು 1870ರಲ್ಲಿ, ಫ್ರಾನ್ಸಿನಿಂದ. ಹಾಗೆ ಬಂದ ತಂಡದಲ್ಲಿದ್ದ ಮರಿಯಂ ಬೌವಾರ್ದಿ 2015ರಲ್ಲಿ ಸಂತಳೆಂದು ಘೋಷಿತರಾದರು. ಇಲ್ಲಿ ಆವರಣ ದಾಟುವುದು ಅಪರೂಪ. ದಿನಕ್ಕೆ ಎರಡು ಗಂಟೆ ಮೌನಧ್ಯಾನ, ಗಂಟೆ ಬಡಿದಾಗಲೆಲ್ಲ ಕೀರ್ತನೆ, ನಡುವೆ ಕೈಕೆಲಸ. ಸಂಜೆ ನಗು-ಮಾತಿಗೂ ಸಮಯವಿದೆ. ಸದಾ ಮೌನ ಎಂಬುದು ಹೊರಗಿನವರ ಕಲ್ಪನೆ.

ಬಡತನ, ಬ್ರಹ್ಮಚರ್ಯ, ವಿಧೇಯತೆಯ ವ್ರತಗಳು ಎರಡೂ ಕಡೆ ಒಂದೇ. ತರಬೇತಿ ಮಾತ್ರ ಉದ್ದ: ಕ್ಲೋಯಿಸ್ಟರಿನಲ್ಲಿ ಕೊನೆಯ ವ್ರತಕ್ಕೆ ಕನಿಷ್ಠ ಒಂಬತ್ತು ವರ್ಷ. ಅಷ್ಟರೊಳಗೆ ಮನೆಗೆ ಮರಳಿದರೆ ಅವಮಾನವಲ್ಲ, ನೆರೆಯವರು ಏನೇ ಅನ್ನಲಿ.

ಜನರ ನಡುವೆ ಚುರುಕಾಗುವವಳು ನೀನಾದರೆ ಮೊದಲನೆಯದು. ಮನೆಯ ಜಗಳದಿಂದ ತಪ್ಪಿಸಿಕೊಳ್ಳಲು ಎರಡನೆಯದನ್ನು ಆರಿಸಬೇಡ ಮಗಾ: ಅದೇ ಹತ್ತಿಪ್ಪತ್ತು ಮುಖಗಳು, ಜೀವನಪೂರ್ತಿ.