ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಬೈಕಿಗೆ ಯಾವ ಲ್ಯೂಬ್, ಯಾವ ಆಯಿಲ್, ಯಾವ ಪ್ಯಾಡ್? ಎರಡೂ ಹಾಕಿ ನೋಡಿದ ಮೇಲೆ ಬರೆದದ್ದು

ಬೈಕ್ ತಂದ ದಿನ ಸಂಜೆಯೇ ಹಿಂದಿನ ಚಕ್ರ ಎತ್ತಿ ಪ್ಯಾಡಾಕ್ ಸ್ಟ್ಯಾಂಡಿಗೆ ಹಾಕಿ, ನ್ಯೂಟ್ರಲ್‌ನಲ್ಲಿಟ್ಟು ಕೈಯಲ್ಲಿ ಚಕ್ರ ತಿರುಗಿಸಿದೆ. ಕಟಕಟ ಅಂತ ಸದ್ದು. ಚೈನಿನ ಒಂದೆರಡು ಕೊಂಡಿಗಳು ಸ್ಪ್ರಾಕೆಟ್ (ಚೈನ್ ಓಡುವ ಹಲ್ಲಿನ ಚಕ್ರ) ದಾಟಿ ಬಂದ ಮೇಲೂ ನೆಟ್ಟಗಾಗದೆ ಸೊಟ್ಟಕ್ಕೇ ನಿಂತಿದ್ದವು. ಕೊಟ್ಟವರು ಮಾತ್ರ "ಎಲ್ಲಾ ಸರ್ವಿಸ್ ಆಗಿದೆ, ಪೆಟ್ರೋಲ್ ಹಾಕಿ ಓಡಿಸೋದಷ್ಟೇ" ಅಂದಿದ್ದರು. 600 ಸಿಸಿ, ನಾಲ್ಕು ಸಿಲಿಂಡರ್. ಆ ಮಾತು ನಂಬಿಕೊಂಡು ಓಡಿಸುವಷ್ಟು ಧೈರ್ಯ ನನಗಿಲ್ಲ. ಹಾಗಾಗಿ ಚೈನಿನಿಂದ ಹಿಡಿದು ಸಸ್ಪೆನ್ಷನ್‌ವರೆಗೆ ಎಲ್ಲವನ್ನೂ ಮೊದಲಿಂದ ನೋಡಿದೆ. ಒಂದೊಂದಕ್ಕೂ "ಇದು ಹಾಕು, ಅದು ಬೇಡ" ಅನ್ನುವ ಜಗಳ ಇದ್ದೇ ಇರುತ್ತಲ್ವಾ, ಯಾರದೋ ಮಾತು ಕೇಳುವ ಬದಲು ಆದಷ್ಟೂ ಎರಡನ್ನೂ ಹಾಕಿ ನೋಡಿಬಿಟ್ಟೆ.

ಮೊದಲು ಚೈನ್ ತೊಳೆಯೋದು. ಸೀಮೆಎಣ್ಣೆ ಒಂದು ಕಡೆ, ಡಬ್ಬಿಯಲ್ಲಿ ಬರುವ ಚೈನ್ ಕ್ಲೀನರ್ ಸ್ಪ್ರೇ ಇನ್ನೊಂದು ಕಡೆ. ಸ್ಪ್ರೇ ಬೇಗ ಕೆಲಸ ಮಾಡುತ್ತೆ, ವಾಸನೆ ಕಡಿಮೆ, ಆದರೆ ಈ ಚೈನಿನ ಕೊಳೆಗೆ ಒಂದು ಡಬ್ಬಿ ಪೂರ್ತಿ ಖಾಲಿಯಾಯಿತು, ಕೊಳೆ ಅರ್ಧ ಹಾಗೇ ಇತ್ತು. ಉಳಿದದ್ದನ್ನು ಸೀಮೆಎಣ್ಣೆ, ಮೆತ್ತನೆ ಬ್ರಷ್, ಹಳೇ ಬನಿಯನ್ ಬಟ್ಟೆ ಸೇರಿ ಮುಗಿಸಿದವು. ನನಗೆ ಸೀಮೆಎಣ್ಣೆಯೇ ಸರಿ. ಪೆಟ್ರೋಲ್ ಮಾತ್ರ ಬೇಡ, ಕೊಂಡಿಗಳ ನಡುವಿನ ರಬ್ಬರ್ ಓ-ರಿಂಗ್ ಅದರಿಂದ ಉಬ್ಬಿ ಕೆಡುತ್ತೆ. ತಂತಿ ಬ್ರಷ್ಷೂ ಬೇಡ, ಅದು ಆ ರಿಂಗನ್ನು ಸೀಳುತ್ತೆ. ಇನ್ನೊಂದು ಮಾತು. ಇಂಜಿನ್ ಚಾಲೂ ಮಾಡಿ ಗೇರ್ ಹಾಕಿ ಚೈನ್ ತಾನಾಗಿ ತಿರುಗುವಾಗ ಬಟ್ಟೆ ಹಿಡಿಯುವವರು ಇದ್ದಾರೆ. ಬಟ್ಟೆ ಚೈನಿಗೆ ಸಿಕ್ಕಿದರೆ ಬೆರಳು ಸ್ಪ್ರಾಕೆಟ್ಟಿಗೆ ಹೋಗುತ್ತೆ, ಅಷ್ಟೇ. ಕೈಯಲ್ಲೇ ತಿರುಗಿಸಿ.

ತೊಳೆದ ಮೇಲೆ ಮುಂದಿನ ಸ್ಪ್ರಾಕೆಟ್ಟಿನ ಕವರ್ ಬಿಚ್ಚಿದೆ. ಒಳಗೆ ಕಪ್ಪು ಮೇಣದಂಥ ಮಡ್ಡಿ ಒಂದು ಮುಷ್ಟಿ ಇತ್ತು, ಹಳೇ ಸ್ಕ್ರೂಡ್ರೈವರಿನಲ್ಲಿ ಕೆರೆದರೆ ಹೆಂಟೆ ಹೆಂಟೆಯಾಗಿ ಬಿತ್ತು. ಅದರಲ್ಲಿ ಮರಳು, ಒಂದು ಸಣ್ಣ ಕಲ್ಲು, ಕೂದಲು. ವರ್ಷಗಟ್ಟಲೆ ಮೇಲಿಂದ ಮೇಲೆ ಸ್ಪ್ರೇ ಹೊಡೆದು ಒಮ್ಮೆಯೂ ಒರೆಸದಿದ್ದರೆ ಹೀಗಾಗುತ್ತೆ.

ಲ್ಯೂಬ್ ವಿಷಯಕ್ಕೆ ಬರೋಣ, ಜಾಸ್ತಿ ದಿನ ಇದಕ್ಕೇ ಹಿಡಿಯಿತು. ಚೈನ್ ಹೇಗೂ ಬದಲಿಸಬೇಕಿತ್ತು, ಹಾಗಾಗಿ ಹಳೇ ಚೈನಿನ ಮೇಲೆಯೇ ಮೂರನ್ನೂ ನೋಡಿದೆ: ಅಂಟು ಸ್ಪ್ರೇ, ವ್ಯಾಕ್ಸ್ ಸ್ಪ್ರೇ, 80ಡಬ್ಲ್ಯೂ-90 ಗೇರ್ ಆಯಿಲ್. ಒಂದೊಂದಕ್ಕೂ ಸುಮಾರು 1000 ಕಿ.ಮೀ., ನಡುವೆ ಒಂದು ಸಲ ಮತ್ತೆ ಹಚ್ಚಿ.

ಅಂಟು ಸ್ಪ್ರೇ ಮಳೆಯಲ್ಲಿ ಗೆದ್ದಿತು. ಎರಡು ದಿನ ನೆನೆದರೂ ಚೈನ್ ಮೇಲೆ ತುಕ್ಕಿನ ಚುಕ್ಕೆ ಬರಲಿಲ್ಲ. ಆದರೆ ಒಣ ರಸ್ತೆಯಲ್ಲಿ 200 ಕಿ.ಮೀ. ಆಗುವಷ್ಟರಲ್ಲಿ ಬೆರಳಿಗೆ ಮರಳು ಕಾಗದ ಮುಟ್ಟಿದ ಹಾಗೆ, ಧೂಳೆಲ್ಲ ಅಲ್ಲೇ ಕೂತಿತ್ತು. ವ್ಯಾಕ್ಸ್ ಅದಕ್ಕೆ ತದ್ವಿರುದ್ಧ, ಒಣಗಿದ ಮೇಲೆ ಕೈಗೆ ಏನೂ ಅಂಟುವುದಿಲ್ಲ, ರಿಮ್ ಹೊಳೆಯುತ್ತಾ ಇರುತ್ತೆ. ಓಡಿಸಿ ಬಂದು ಚೈನ್ ಬೆಚ್ಚಗಿರುವಾಗ ಹೊಡೆದು ರಾತ್ರಿಯಿಡೀ ಬಿಟ್ಟರೆ ಮಾತ್ರ. ಅವಸರದಲ್ಲಿ ಹೊಡೆದು ಹೊರಟ ದಿನ ಅರ್ಧ ವ್ಯಾಕ್ಸ್ ಹಿಂದಿನ ನಂಬರ್ ಪ್ಲೇಟಿನ ಮೇಲಿತ್ತು. ಒಂದು ಜೋರು ಮಳೆ ಬಂದರೆ ಮತ್ತೆ ಹಚ್ಚಲೇಬೇಕು.

ಗೇರ್ ಆಯಿಲ್ ಹಚ್ಚಿದಾಗ ಚೈನ್ ಎಷ್ಟು ಸದ್ದಿಲ್ಲದೆ ಓಡಿತು ಅಂದರೆ, ಚಕ್ರ ಕೈಯಲ್ಲಿ ತಿರುಗಿಸಿದರೆ ಹಿಂದಿನ ಬ್ರೇಕ್ ಪ್ಯಾಡ್ ಉಜ್ಜುವ ಸದ್ದು ಮಾತ್ರ ಕೇಳಿಸುತ್ತಿತ್ತು. ಸೂಜಿ ತೆಗೆದ ಸಿರಿಂಜಿನಲ್ಲಿ ಕೆಳಗಿನ ಚೈನಿನ ಒಳಮುಖಕ್ಕೆ, ಎರಡೂ ಅಂಚಿಗೆ ಹನಿ ಹನಿಯಾಗಿ ಬಿಟ್ಟೆ. ತೊಂದರೆ ಒಂದೇ, ಹಾರುತ್ತೆ. ಮೊದಲ ದಿನ ರಿಮ್ಮಿನ ಮೇಲೆ ಕಂದು ಗೆರೆಗಳು, ಟೈರಿನ ಪಕ್ಕಕ್ಕೂ ಒಂದೆರಡು ಹನಿ. ಬೈಕ್ ವಾಲಿಸಿ ತಿರುವು ತೆಗೆಯುವವರಿಗೆ ಟೈರಿನ ಅಂಚಿನಲ್ಲಿ ಎಣ್ಣೆ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಎರಡನೇ ಸಲ ರಾತ್ರಿ ಹಚ್ಚಿ ಬೆಳಿಗ್ಗೆ ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಹೊರಟೆ, ಆಗ ಹಾರಲಿಲ್ಲ ಅನ್ನಬಹುದು. ಓ-ರಿಂಗ್ ಚೈನಿನಲ್ಲಿ ಪಿನ್ನು ಬುಶ್ಶಿನ ನಡುವಿನ ಗ್ರೀಸ್ ಕಾರ್ಖಾನೆಯಲ್ಲೇ ತುಂಬಿ ಮುಚ್ಚಿರುತ್ತೆ. ನಾವು ಹೊರಗೆ ಹಚ್ಚೋದು ರಬ್ಬರ್ ಒಣಗದಿರಲಿ, ತುಕ್ಕು ಹಿಡಿಯದಿರಲಿ, ರೋಲರ್ ಸ್ಪ್ರಾಕೆಟ್ ಹಲ್ಲಿಗೆ ಒಣಗಿ ತಗುಲದಿರಲಿ ಅಂತ ಮಾತ್ರ. ಅದಕ್ಕೆ ತೆಳು ಪದರ ಸಾಕು. ನಾನು ಗೇರ್ ಆಯಿಲ್‌ಗೇ ನಿಂತೆ, ಮಳೆಗಾಲಕ್ಕೆ ಅಂಟು ಸ್ಪ್ರೇ. ಬಟ್ಟೆ ಹಿಡಿಯಲು ಬೇಜಾರು ಅನ್ನುವವರು ವ್ಯಾಕ್ಸ್ ತಗೊಳ್ಳಿ.

ಯಾವ ಲ್ಯೂಬ್ ಹಾಕಿದರೂ ಚೈನ್ ಬಿಗಿ ಜಾಸ್ತಿಯಾಗಿದ್ದರೆ ಎಲ್ಲಾ ವ್ಯರ್ಥ. ನನ್ನ ಬೈಕಿಗೆ ಸಡಿಲ 25ರಿಂದ 35 ಮಿ.ಮೀ. ಇರಬೇಕು, ಚೈನ್ ಅತಿ ಬಿಗಿಯಾಗಿರುವ ಜಾಗ ಹುಡುಕಿ ಅಲ್ಲೇ ಅಳೆಯಬೇಕು. ಬಂದಾಗ 10 ಇತ್ತು.

ಇಂಜಿನ್ ಆಯಿಲ್. ಸೆಮಿ ಸಿಂಥೆಟಿಕ್, ಫುಲ್ ಸಿಂಥೆಟಿಕ್ ಎರಡೂ 10ಡಬ್ಲ್ಯೂ-40 ದಪ್ಪದ್ದು, ಎರಡರ ಡಬ್ಬಿಯ ಮೇಲೂ ಜಾಸೋ ಎಂಎ2 (ಬೈಕ್ ಆಯಿಲ್‌ಗೆ ಕೊಡುವ ಜಪಾನಿನ ದರ್ಜೆ) ಅಂತ ಇತ್ತು. ಮೊದಲು ಸೆಮಿ ಹಾಕಿ, ಹೊಸ ಫಿಲ್ಟರ್ ಹಾಕಿ, 1000 ಕಿ.ಮೀ.ಗೇ ಇಳಿಸಿಬಿಟ್ಟೆ. ಒಳಗೆ ಏನಿತ್ತೋ ಯಾರಿಗೆ ಗೊತ್ತು, ತೊಳೆದು ಬರಲಿ ಅಂತ. ಆಮೇಲೆ ಫುಲ್ ಸಿಂಥೆಟಿಕ್. ನಿಜ ಹೇಳ್ತೀನಿ, ಮೊದಲ ಸಾವಿರ ಕಿ.ಮೀ.ನಲ್ಲಿ ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ. 3000 ದಾಟಿದ ಮೇಲೂ ಗೇರ್ ಮೊದಲಿನಷ್ಟೇ ನಯವಾಗಿ ಬೀಳುತ್ತಿದೆ, ಆದರೆ ಸೆಮಿಯನ್ನು ಅಷ್ಟು ದೂರ ಓಡಿಸಲೇ ಇಲ್ಲ, ಹಾಗಾಗಿ ಈ ಪಂದ್ಯದಲ್ಲಿ ತೀರ್ಪು ಕೊಡುವ ಹಕ್ಕು ನನಗಿಲ್ಲ.

"ಫುಲ್ ಸಿಂಥೆಟಿಕ್ ಹಾಕಿದರೆ ಕ್ಲಚ್ ಜಾರುತ್ತೆ" ಅನ್ನುವ ಮಾತು ಮಾತ್ರ ಸುಳ್ಳು. ಜಾರಿಸೋದು ಸಿಂಥೆಟಿಕ್ ಅಲ್ಲ, ಕೆಲವು ಕಾರಿನ ಆಯಿಲ್‌ಗಳಲ್ಲಿ ಘರ್ಷಣೆ ಕಡಿಮೆ ಮಾಡಲು ಸೇರಿಸುವ ರಾಸಾಯನಿಕ. ಬೈಕಿನ ಕ್ಲಚ್ ಅದೇ ಆಯಿಲ್‌ನಲ್ಲಿ ಮುಳುಗಿರುತ್ತಲ್ಲ. ಎಂಎ ಅಥವಾ ಎಂಎ2 ಇದ್ದರೆ ಸಾಕು. ಎಂಬಿ ಅಂತ ಇದ್ದರೆ ಅದು ಸ್ಕೂಟರಿಗೆ. ನನ್ನ ಬೈಕ್ ಬಂದಾಗ ಆರನೇ ಗೇರಿನಲ್ಲಿ ಥ್ರಾಟಲ್ ತಿರುವಿದರೆ ಆರ್‌ಪಿಎಂ ಏರುತ್ತಿತ್ತು, ವೇಗ ಏರುತ್ತಿರಲಿಲ್ಲ. ಆಯಿಲ್ ಬದಲಿಸಿದರೆ ಸರಿಹೋಗುತ್ತೆ ಅಂದುಕೊಂಡೆ. ಹೋಗಲಿಲ್ಲ. ಕೊನೆಗೆ ನೋಡಿದರೆ ಕ್ಲಚ್ ಕೇಬಲ್ ಬಿಗಿ ಮಾಡಿ ಮಾಡಿ ಲಿವರಿನಲ್ಲಿ ಆಟವೇ ಇರಲಿಲ್ಲ, ಪ್ಲೇಟುಗಳು ಸದಾ ಅರೆ ಬಿಟ್ಟ ಸ್ಥಿತಿಯಲ್ಲಿದ್ದವು. ಲಿವರ್ ತುದಿಯಲ್ಲಿ 10-15 ಮಿ.ಮೀ. ಆಟ ಕೊಟ್ಟೆ, ಜಾರೋದು ನಿಂತಿತು. ಎರಡು ನಿಮಿಷದ ಕೆಲಸ. ಎರಡು ಡಬ್ಬಿ ಆಯಿಲ್ ಆದ ಮೇಲೆ.

ಬ್ರೇಕ್ ಫ್ಲೂಯಿಡ್ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿಗೆ ಕುದಿಯುತ್ತೆ, ಡಾಟ್ 5.1 ಕನಿಷ್ಠ 260ಕ್ಕೆ. ನೀರು ಹೀರಿದ ಮೇಲೆ 155 ಮತ್ತು 180. ಎರಡನ್ನೂ ಹಾಕಿದೆ, ರಸ್ತೆಯಲ್ಲಿ ನನ್ನ ಬೆರಳಿಗೆ ಎರಡೂ ಒಂದೇ. ದೊಡ್ಡ ವ್ಯತ್ಯಾಸ ಕಂಡದ್ದು ಟೀ ಡಿಕಾಕ್ಷನ್ ಬಣ್ಣದ ಹಳೇದು ಹೋಗಿ ಹೊಸದು ಬಂದಾಗ, ಸ್ಪಂಜಿನಂತಿದ್ದ ಲಿವರ್ ಗಟ್ಟಿಯಾಯಿತು. ಹೆಸರು ಹತ್ತಿರ ಇದೆ ಅಂತ ಡಾಟ್ 5 ಮಾತ್ರ ಸುರಿಯಬೇಡಿ, ಅದು ಸಿಲಿಕೋನ್, ಇವುಗಳ ಜೊತೆ ಬೆರೆಸುವಂತಿಲ್ಲ. ಪೇಂಟ್ ಮೇಲೆ ಹನಿ ಬಿದ್ದರೆ ತಕ್ಷಣ ನೀರು ಹಾಕಿ.

ಪ್ಯಾಡ್‌ನಲ್ಲಿ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತೆ. ಆರ್ಗ್ಯಾನಿಕ್ (ನಾರು, ರಾಳ ಸೇರಿಸಿ ಮಾಡಿದ) ಪ್ಯಾಡ್ ಬೆಳಿಗ್ಗೆ ತಣ್ಣಗಿರುವಾಗಲೇ ಮೆತ್ತಗೆ ಹಿಡಿಯುತ್ತೆ, ಸದ್ದಿಲ್ಲ, ಡಿಸ್ಕ್ ಸವೆತ ಕಡಿಮೆ. ಆದರೆ ಉದ್ದದ ಘಟ್ಟ ಇಳಿಯುವಾಗ ಐದಾರು ಸಲ ಜೋರಾಗಿ ಹಿಡಿದ ಮೇಲೆ ಲಿವರ್ ಅಷ್ಟೇ ಒತ್ತಿದರೂ ಬೈಕ್ ಮೊದಲಿನಷ್ಟು ನಿಲ್ಲಲಿಲ್ಲ, ಎದೆ ಝಲ್ ಅಂದಿತು. ಸಿಂಟರ್ಡ್ (ಲೋಹದ ಪುಡಿ ಕಾಯಿಸಿ ಒತ್ತಿ ಮಾಡಿದ) ಪ್ಯಾಡಿಗೆ ಆ ತೊಂದರೆ ಬರಲಿಲ್ಲ, ಒದ್ದೆಯಲ್ಲೂ ಹಿಡಿತ ಒಂದೇ ಸಮ, ಸ್ವಲ್ಪ ಕಿರುಗುಡುತ್ತೆ ಅಷ್ಟೇ. ಈ ತೂಕ, ಈ ವೇಗದ ಬೈಕಿನ ಮುಂದಿನ ಚಕ್ರಕ್ಕೆ ಸಿಂಟರ್ಡ್ ಬಿಟ್ಟು ಬೇರೆ ನಾನು ಹಾಕಲ್ಲ. ಹಿಂದಿನ ಚಕ್ರಕ್ಕೆ ಆರ್ಗ್ಯಾನಿಕ್ ಇದೆ, ಅಲ್ಲಿ ಮೆತ್ತನೆ ಹಿಡಿತವೇ ಚೆಂದ. ಹೊಸ ಪ್ಯಾಡ್ ಹಾಕಿದ ದಿನ ಜೋರು ಬ್ರೇಕ್ ನಂಬಬೇಡಿ, ಡಿಸ್ಕಿಗೆ ಕೂರಲು ಒಂದಷ್ಟು ಕಿ.ಮೀ. ಬೇಕು.

ಸಸ್ಪೆನ್ಷನ್ನಿನಲ್ಲಿ ಮೂರು ಸೆಟ್ಟಿಂಗ್ ನೋಡಿದೆ. ಹಳೇ ಮಾಲೀಕರು ಹಿಂದಿನ ಚಕ್ರದ ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಟ್ಟಿರುವ ಬಿಗಿ) ಕೊನೆವರೆಗೂ ಬಿಗಿ ಮಾಡಿದ್ದರು, ಹಂಪ್ ಬಂದರೆ ಸೀಟ್ ಒದೆಯುತ್ತಿತ್ತು. ಫೋರ್ಕಿನ ಕಾಲಿಗೆ ಕೇಬಲ್ ಟೈ ಕಟ್ಟಿ, ಹಿಂದೆ ಒಬ್ಬರು ಟೇಪ್ ಹಿಡಿದು, ನಾನು ಜಾಕೆಟ್ ಹೆಲ್ಮೆಟ್ ಸಮೇತ ಕೂತು ಅಳೆದರೆ ಹಿಂದೆ ಸ್ಯಾಗ್ (ಕೂತಾಗ ಸಸ್ಪೆನ್ಷನ್ ಕುಸಿಯುವ ಅಳತೆ) 14 ಮಿ.ಮೀ. ಮ್ಯಾನುಯಲ್ ಹೇಳಿದ ಸೆಟ್ಟಿಂಗಿಗೆ ತಂದರೆ 26, ಬೇರೆ ಬೈಕೇ ಅನ್ನಿಸಿತು. ಇನ್ನಷ್ಟು ಬಿಟ್ಟು ನನ್ನ ತೂಕಕ್ಕೆ ಹಿಂದೆ 32, ಮುಂದಿನ ಫೋರ್ಕಿನಲ್ಲಿ 35 ಮಾಡಿದೆ. ಕೊನೆಯ ಈ ಹೆಜ್ಜೆಯ ಲಾಭ ಮೊದಲನೆಯದರ ಕಾಲು ಭಾಗವೂ ಇಲ್ಲ. ಅಳೆಯಲು ಜನ ಸಿಗದಿದ್ದರೆ ಮ್ಯಾನುಯಲ್ ಸೆಟ್ಟಿಂಗೇ ಇರಲಿ ಬಿಡಿ. ತಿರುವುವ ಮುಂಚೆ ಕ್ಲಿಕ್ ಎಷ್ಟಿತ್ತು ಅಂತ ಬರೆದಿಟ್ಟುಕೊಳ್ಳಿ, ನಾನು ಬರೆಯದೆ ಒಂದು ಸಂಜೆ ಕಳೆದುಕೊಂಡೆ.

ಟೈರಿನ ಪಕ್ಕದ ನಾಲ್ಕಂಕಿ 3415, ಅಂದರೆ 2015ರ 34ನೇ ವಾರ ತಯಾರಾದದ್ದು. ಟೈರಿನ ಗೀರುಗಳು ಆಳವಾಗಿಯೇ ಇದ್ದವು, ರಬ್ಬರ್ ಉಗುರು ಒತ್ತಿದರೆ ಕಲ್ಲು. ಅದಕ್ಕೆ ಹೋಲಿಕೆ ಮಾಡುವ ಗೋಜೇ ಬೇಡ, ಎರಡೂ ಕಿತ್ತು ಹಾಕಿದೆ. ಹೊಸದಕ್ಕೆ ಗಾಳಿ ಸ್ಟಿಕರ್ ಹೇಳಿದ ಮುಂದೆ 36, ಹಿಂದೆ 42 ಪಿಎಸ್‌ಐ ಮತ್ತು ಟ್ರ್ಯಾಕಿಗೆ ಹೋಗುವವರು ಹೇಳಿದ 30-30 ಎರಡನ್ನೂ ನೋಡಿದೆ. ರಸ್ತೆಯಲ್ಲಿ 30-30 ಹಾಕಿದಾಗ ಹ್ಯಾಂಡಲ್ ಭಾರವಾಗಿ, ಬೈಕ್ ತಿರುವಿಗೆ ಬೀಳಲು ಹಟ ಮಾಡಿತು. ಮರುದಿನವೇ ವಾಪಸ್ ತುಂಬಿದೆ, ಚಕ್ರ ತಣ್ಣಗಿರುವಾಗ. ಆಗ ಗೊತ್ತಾಯಿತು ನನ್ನ ಪೆನ್ ಥರದ ಗೇಜ್ 42 ತೋರಿಸಿದಾಗ ಡಿಜಿಟಲ್ ಗೇಜ್ 38 ಅನ್ನುತ್ತೆ ಅಂತ. ಯಾವುದು ಸರಿ ಅಂತ ನೋಡಲು ಮೂರನೆಯದೊಂದು ತರಬೇಕಾಯಿತು. ಅದು ಡಿಜಿಟಲ್ ಜೊತೆ ಸೇರಿಕೊಂಡಿತು.